ಕೆನಡಿ ಹತ್ಯೆ: ಯಾವ ಪುಸ್ತಕ ಓದಬೇಕು, ಹೇಗೆ ಅಳೆಯಬೇಕು

ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿ ಹತ್ಯೆಯ ಬಗ್ಗೆ ಒಂದು ಒಳ್ಳೆ ಪುಸ್ತಕ ಹೇಳಿ ಅಂತ ಲೈಬ್ರರಿಗೆ ಬರುವವರು ಕೇಳುತ್ತಲೇ ಇರುತ್ತಾರೆ. ಕಾಲೇಜು ಹುಡುಗರು ಜಾಸ್ತಿ. ಯೂಟ್ಯೂಬಿನಲ್ಲಿ ಏನೋ ನೋಡಿ ತಲೆ ಕೆಡಿಸಿಕೊಂಡು ಬಂದಿರುತ್ತಾರೆ. ನಾನು ಮೊದಲು ಒಂದು ಮಾತು ಕೇಳುತ್ತೇನೆ: ಗುಂಡು ಹೊಡೆದದ್ದು ಯಾರು ಅಂತ ತಿಳಿಯಬೇಕಾ, ಇಲ್ಲಾ ಆಮೇಲೆ ಯಾರು ಏನು ಮುಚ್ಚಿಟ್ಟರು ಅಂತ ತಿಳಿಯಬೇಕಾ? "ಎರಡೂ ಒಂದೇ ಅಲ್ವಾ ಸರ್?" ಅನ್ನುತ್ತಾರೆ. ಒಂದೇ ಅಲ್ಲ. ಈ ವಿಷಯದ ಮೇಲೆ ಬಂದಿರುವ ರಾಶಿ ಪುಸ್ತಕಗಳಲ್ಲಿ ಕಾಳು, ಜೊಳ್ಳು ಬೇರೆ ಮಾಡೋಕೆ ನಾನು ಬಳಸುವ ಜರಡಿ ಈ ಪ್ರಶ್ನೆಯೇ.

ಘಟನೆ ಎಲ್ಲರಿಗೂ ಗೊತ್ತಿರುವಂಥದ್ದು. 1963ರ ನವೆಂಬರ್ 22, ಮಧ್ಯಾಹ್ನ 12.30. ಡಲ್ಲಾಸ್ ನಗರದಲ್ಲಿ ತೆರೆದ ಕಾರಿನಲ್ಲಿ ಹೋಗುತ್ತಿದ್ದ ಕೆನಡಿಗೆ ಗುಂಡು ಬಿತ್ತು. ಪಕ್ಕದ ಪುಸ್ತಕ ಗೋದಾಮಿನಲ್ಲಿ ಕೆಲಸಕ್ಕಿದ್ದ ಲೀ ಹಾರ್ವೆ ಓಸ್ವಾಲ್ಡ್ ಅದೇ ಮಧ್ಯಾಹ್ನ ಒಂದು ಸಿನಿಮಾ ಮಂದಿರದಲ್ಲಿ ಸಿಕ್ಕಿಬಿದ್ದ. ಎರಡೇ ದಿನಕ್ಕೆ, ಪೊಲೀಸರ ಕೈಯಲ್ಲಿರುವಾಗಲೇ, ಜ್ಯಾಕ್ ರೂಬಿ ಎಂಬಾತ ಅವನನ್ನು ಕೊಂದ. ಹಾಗಾಗಿ ಓಸ್ವಾಲ್ಡ್ ಮೇಲಿನ ಕೇಸು ವಿಚಾರಣೆಗೆ ಬರಲೇ ಇಲ್ಲ. ಅಲ್ಲಿ ನಡೆಯಬೇಕಿದ್ದ ಪಾಟೀಸವಾಲು ಇವತ್ತಿಗೂ ಪುಸ್ತಕಗಳಲ್ಲಿ ನಡೆಯುತ್ತಿದೆ.

ಮುಚ್ಚಿಟ್ಟದ್ದು ಸುಳ್ಳಲ್ಲ. ಕೆನಡಿ ಹತ್ಯೆಗೆ ಕೆಲವು ದಿನ ಮೊದಲು ಓಸ್ವಾಲ್ಡ್ ಡಲ್ಲಾಸಿನಲ್ಲಿದ್ದ, ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಕಚೇರಿಗೆ ಹೋಗಿ ಒಂದು ಚೀಟಿ ಕೊಟ್ಟು ಬಂದಿದ್ದ. ಅವನು ಸತ್ತ ಮೇಲೆ, ಅವನ ಫೈಲು ನೋಡಿಕೊಳ್ಳುತ್ತಿದ್ದ ಅಧಿಕಾರಿ ಆ ಚೀಟಿಯನ್ನು ಹರಿದು ಟಾಯ್ಲೆಟ್ಟಿಗೆ ಹಾಕಿ ನೀರು ಬಿಟ್ಟ. ಮೇಲಿನವರು ಹೇಳಿದ್ದಕ್ಕೆ ಹಾಗೆ ಮಾಡಿದೆ ಅಂತ ಆಮೇಲೆ ಹೇಳಿದ. ಇದು ಹೊರಗೆ ಬಂದದ್ದು 1975ರಲ್ಲಿ. ಕ್ಯೂಬಾದ ನಾಯಕ ಫಿಡೆಲ್ ಕ್ಯಾಸ್ಟ್ರೋನನ್ನು ಮುಗಿಸೋಕೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಸಂಚು ಮಾಡಿತ್ತಲ್ಲ, ಅದನ್ನೂ ಕೆನಡಿ ಹತ್ಯೆಯ ತನಿಖೆಗೆ ಸರ್ಕಾರ ನೇಮಿಸಿದ್ದ ವಾರೆನ್ ಆಯೋಗಕ್ಕೆ ಹೇಳಲಿಲ್ಲ. ಸಿಐಎಯ ಮಾಜಿ ಮುಖ್ಯಸ್ಥ ಆಲನ್ ಡಲ್ಲೆಸ್ ಆ ಆಯೋಗದ ಸದಸ್ಯನೇ ಆಗಿದ್ದ! ಮುಂದೆ ಅಮೆರಿಕ ಸಂಸತ್ತಿನ ಕೆಳಮನೆಯ ಸಮಿತಿ ಮತ್ತೆ ತನಿಖೆ ಮಾಡಿದಾಗ, ಸಿಐಎ ತನ್ನ ಪರವಾಗಿ ಜಾರ್ಜ್ ಜೊಆನಿಡೆಸ್ ಎಂಬ ಅಧಿಕಾರಿಯನ್ನು ಕಳಿಸಿತು. 1963ರಲ್ಲಿ ಓಸ್ವಾಲ್ಡ್ ಜೊತೆ ಜಗಳ ಆಡಿದ್ದ, ಕ್ಯಾಸ್ಟ್ರೋ ವಿರೋಧಿ ಕ್ಯೂಬಾ ವಿದ್ಯಾರ್ಥಿಗಳ ಗುಂಪನ್ನು ಸಿಐಎ ಕಡೆಯಿಂದ ನೋಡಿಕೊಳ್ಳುತ್ತಿದ್ದವನು ಇವನೇ. ಸಮಿತಿಗೆ ಅದನ್ನು ಯಾರೂ ಹೇಳಲಿಲ್ಲ.

ಇದನ್ನೆಲ್ಲ ಓದಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ನನಗೂ ಬರುತ್ತದೆ. ಆದರೆ ಇಲ್ಲೇ ಒಂದು ಹೆಜ್ಜೆ ನಿಂತು ನೋಡಬೇಕು. ಚೀಟಿ ಹರಿದವನು ತನ್ನ ಇಲಾಖೆಯ ಮಾನ ಉಳಿಸೋಕೆ ಹರಿದ. ಅಪಾಯದ ಮನುಷ್ಯ ಕೈಗೆ ಸಿಕ್ಕಿದ್ದರೂ ಬಿಟ್ಟರು ಅನ್ನೋ ಮಾತು ಬರಬಾರದು ಅಂತ. ಅದರಿಂದ ಇನ್ನೊಬ್ಬ ಬಂದೂಕುಧಾರಿ ಇದ್ದ ಅಂತ ಆಗೋದಿಲ್ಲ. ಅದಕ್ಕೆ ಬೇರೆಯೇ ಸಾಕ್ಷಿ ಬೇಕು. ಕೆಟ್ಟ ಪುಸ್ತಕ ಏನು ಮಾಡುತ್ತದೆ ಅಂದರೆ, ಇಪ್ಪತ್ತು ಪುಟ ಮುಚ್ಚಿಟ್ಟದ್ದರ ಕಥೆ ಹೇಳಿ ನಿಮ್ಮ ಸಿಟ್ಟನ್ನು ಏರಿಸಿ, ಇಪ್ಪತ್ತೊಂದನೇ ಪುಟದಲ್ಲಿ ಸುಮ್ನೆ "ಕೊಂದವರು ಇವರೇ" ಅನ್ನುತ್ತದೆ. ಇನ್ನೊಂದು ಕಡೆಯವರೂ ಕಮ್ಮಿ ಇಲ್ಲ. ಓಸ್ವಾಲ್ಡ್ ಒಬ್ಬನೇ ಹೊಡೆದ ಅಂತ ಸಾಧಿಸುವ ಭರದಲ್ಲಿ ಎಫ್‌ಬಿಐ, ಸಿಐಎ ಮಾಡಿದ್ದನ್ನೆಲ್ಲ ಒಂದು ಅಡಿಟಿಪ್ಪಣಿಯಲ್ಲಿ ಮುಗಿಸುತ್ತಾರೆ. ಅಂಥ ಪುಸ್ತಕವನ್ನೂ ನಾನು ಮೊದಲ ಓದಿಗೆ ಕೊಡೋದಿಲ್ಲ.

ಹೊಸ ಪುಸ್ತಕ ಕೈಗೆ ಬಂದರೆ ನಾನು ಮುನ್ನುಡಿ ಓದೋದಿಲ್ಲ. ನೇರ, ಕಾರಿನಲ್ಲಿ ಯಾರು ಎಲ್ಲಿ ಕೂತಿದ್ದರು ಅಂತ ತೋರಿಸುವ ಚಿತ್ರಕ್ಕೆ ಹೋಗುತ್ತೇನೆ. ಯಾಕೆ ಅಂತ ಹೇಳುತ್ತೇನೆ. ಅಬ್ರಹಾಂ ಜಪ್ರೂಡರ್ ಎಂಬ ಬಟ್ಟೆ ವ್ಯಾಪಾರಿ ತನ್ನ ಸಣ್ಣ ಕ್ಯಾಮೆರಾದಲ್ಲಿ ತೆಗೆದ, ಅರ್ಧ ನಿಮಿಷಕ್ಕೂ ಕಡಿಮೆ ಇರುವ ಫಿಲ್ಮ್ ಈ ಕೇಸಿನ ಗಡಿಯಾರ. ಅದರಲ್ಲಿ ಕೆನಡಿ ಮತ್ತು ಮುಂದೆ ಕೂತಿದ್ದ ಟೆಕ್ಸಾಸ್ ಗವರ್ನರ್ ಕೊನಲಿ ಇಬ್ಬರೂ ತೀರಾ ಹತ್ತಿರ ಹತ್ತಿರದಲ್ಲೇ ಗಾಯಗೊಂಡಂತೆ ಕಾಣುತ್ತದೆ. ಓಸ್ವಾಲ್ಡನ ರೈಫಲ್‌ನಲ್ಲಿ ಒಂದು ಗುಂಡಿನಿಂದ ಇನ್ನೊಂದು ಗುಂಡಿಗೆ ಕನಿಷ್ಠ 2.3 ಸೆಕೆಂಡ್ ಬೇಕು ಅಂತ ಎಫ್‌ಬಿಐ ಪರೀಕ್ಷೆ ಹೇಳಿತ್ತು. ಅಂದರೆ ಒಂದೇ ಗುಂಡು ಇಬ್ಬರನ್ನೂ ಹೊಕ್ಕಿರಬೇಕು, ಇಲ್ಲಾ ಹೊಡೆದವರು ಇಬ್ಬರಿರಬೇಕು. ಇಡೀ ವಾದ ನಿಂತಿರೋದು ಇದರ ಮೇಲೆ. ಎಷ್ಟೋ ಪುಸ್ತಕಗಳು ಇಬ್ಬರನ್ನೂ ಒಬ್ಬರ ಹಿಂದೆ ಒಬ್ಬರು, ಒಂದೇ ಎತ್ತರದಲ್ಲಿ ಕೂರಿಸಿ, ಗುಂಡು ಗಾಳಿಯಲ್ಲಿ ಬಲಕ್ಕೆ ಎಡಕ್ಕೆ ತಿರುಗಿದಂತೆ ಗೆರೆ ಎಳೆಯುತ್ತವೆ. ಆದರೆ ಕೊನಲಿ ಕೂತಿದ್ದದ್ದು ಮಡಚುವ ಸೀಟಿನಲ್ಲಿ. ಅದು ಕೆನಡಿಯ ಸೀಟಿಗಿಂತ ತಗ್ಗು, ಬಾಗಿಲಿನಿಂದ ಒಳಕ್ಕೆ ಬೇರೆ ಇತ್ತು. ಕೊನಲಿ ಬಲಕ್ಕೆ ತಿರುಗಿಯೂ ಇದ್ದರು. ಸೀಟನ್ನು ಸರಿಯಾದ ಜಾಗದಲ್ಲಿಟ್ಟು ಗೆರೆ ಎಳೆದರೆ ಗುಂಡು ತಿರುಗಬೇಕಾಗಿಲ್ಲ.

ಆಮೇಲೆ ಆ ಗುಂಡಿನ ಫೋಟೋ ನೋಡುತ್ತೇನೆ. ವಾರೆನ್ ಆಯೋಗದ ದಾಖಲೆಯಲ್ಲಿ ಅದರ ಸಂಖ್ಯೆ 399. ಪಕ್ಕದಿಂದ ತೆಗೆದ ಫೋಟೋದಲ್ಲಿ ಅದು ಹೊಸದರಂತೆ ಕಾಣುತ್ತದೆ. ಬುಡದ ಕಡೆಯಿಂದ ತೆಗೆದದ್ದರಲ್ಲಿ ಚಪ್ಪಟೆಯಾಗಿರೋದು ಸ್ಪಷ್ಟ. ಲೇಖಕರು ಒಂದೇ ಫೋಟೋ ಹಾಕಿದ್ದಾರಾ, ಎರಡೂ ಹಾಕಿದ್ದಾರಾ? ಎರಡೂ ಹಾಕಿ, "ಆದರೂ ನನಗೆ ಅನುಮಾನ ಇದೆ" ಅಂತ ಬರೆದರೆ ಆ ಲೇಖಕರ ಮೇಲೆ ನನಗೆ ಗೌರವ ಹೆಚ್ಚುತ್ತದೆ.

ಕೊನೆಗೆ ಹಿಂದಿನ ಪದಸೂಚಿ. ಆ ಕೆಳಮನೆ ಸಮಿತಿ 1979ರಲ್ಲಿ, ಪೊಲೀಸ್ ರೇಡಿಯೋದ ಧ್ವನಿಮುದ್ರಣ ನಂಬಿ, ಓಸ್ವಾಲ್ಡ್ ಹೊಡೆದ ಮೂರಲ್ಲದೆ ನಾಲ್ಕನೇ ಗುಂಡೂ ಇತ್ತು, ಬಹುಶಃ ಸಂಚು ಇತ್ತು ಅಂತ ತೀರ್ಮಾನಿಸಿತು. 1982ರಲ್ಲಿ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ತಂಡ ಅದೇ ಮುದ್ರಣವನ್ನು ಪರೀಕ್ಷಿಸಿ, ಆ ಸದ್ದುಗಳು ಹತ್ಯೆಯಾಗಿ ಸುಮಾರು ಒಂದು ನಿಮಿಷದ ನಂತರದವು ಅಂದಿತು. ಅದನ್ನೂ ಕೆಲವರು ಪ್ರಶ್ನಿಸಿದ್ದಾರೆ, ವಾದ ನಿಂತಿಲ್ಲ. ಆದರೆ 1979 ಇದ್ದು 1982 ಇಲ್ಲದ ಪುಸ್ತಕ, ಅಥವಾ 1979ರ ಸುದ್ದಿಯನ್ನೇ ಎತ್ತದ ಪುಸ್ತಕ, ಎರಡೂ ಓದುಗರಿಗೆ ಮೋಸ ಮಾಡುತ್ತವೆ.

ಪದಸೂಚಿ ಅಂದ ಮೇಲೆ ಸಿಲ್ವಿಯಾ ಮಾಹರ್ ಹೆಸರು ಹೇಳಲೇಬೇಕು. ವಾರೆನ್ ಆಯೋಗ 1964ರಲ್ಲಿ 888 ಪುಟದ ವರದಿ ಕೊಟ್ಟು, ಹಿಂದೆಯೇ ಸಾಕ್ಷಿ, ದಾಖಲೆಗಳ 26 ಸಂಪುಟಗಳನ್ನು ಹೊರತಂದಿತು. ಅಷ್ಟೂ ಸಂಪುಟಗಳಿಗೆ ವಿಷಯಸೂಚಿಯೇ ಇರಲಿಲ್ಲ! ಯಾವ ಸಾಕ್ಷಿ ಯಾವ ವಿಷಯಕ್ಕೆ ಏನು ಹೇಳಿದ ಅಂತ ಹುಡುಕೋದು ಹೇಗೆ? ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಕೆಲಸದಲ್ಲಿದ್ದ ಈ ಹೆಣ್ಣುಮಗಳು ತಾನೇ ಕೂತು ಸೂಚಿ ಮಾಡಿ 1966ರಲ್ಲಿ ಪ್ರಕಟಿಸಿದರು. ಓಸ್ವಾಲ್ಡ್ ಒಬ್ಬನೇ ಹೊಡೆದ ಅನ್ನೋ ಆಯೋಗದ ತೀರ್ಮಾನವನ್ನು ಅವರು ಕಡೆಯವರೆಗೂ ಒಪ್ಪಲಿಲ್ಲ. ಅವರ ವಾದವನ್ನು ನಾನೂ ಪೂರ್ತಿ ಒಪ್ಪೋದಿಲ್ಲ. ಆದರೆ ತನ್ನ ವಾದಕ್ಕೆ ವಿರುದ್ಧ ಇರುವವರೂ ಬಳಸಬಹುದಾದ ಸೂಚಿ ಮಾಡಿಕೊಟ್ಟರಲ್ಲ, ನಮ್ಮ ವೃತ್ತಿಯವರು ಕೈಮುಗಿಯಬೇಕಾದ ಕೆಲಸ ಅದು.

ಬರೀ ಪ್ರಶ್ನೆ ಕೇಳಿ ಅನುಮಾನ ಹುಟ್ಟಿಸುವ ಪುಸ್ತಕಗಳ ಬಗ್ಗೆ ಎಚ್ಚರ ಇರಲಿ. ಇದು ಕೆನಡಿ ಕಾಲಕ್ಕೆ ಶುರುವಾದದ್ದಲ್ಲ. 1937ರಲ್ಲಿ ಓಟ್ಟೊ ಐಸೆನ್‌ಶಿಮ್ಲ್ ಎಂಬ ರಸಾಯನಶಾಸ್ತ್ರಜ್ಞ ಲಿಂಕನ್ ಹತ್ಯೆಯ ಮೇಲೆ ಬರೆದ ಪುಸ್ತಕದ ಹೆಸರೇ ಒಂದು ಪ್ರಶ್ನೆ. ಲಿಂಕನ್ನರ ಯುದ್ಧಮಂತ್ರಿ ಸ್ಟಾಂಟನ್ ಕಡೆಗೆ ಬೆರಳು ತೋರಿಸುತ್ತಾ ಹೋಗುತ್ತಾರೆ, ಆದರೆ ನೇರವಾಗಿ ಆರೋಪ ಹೊರಿಸೋದಿಲ್ಲ. ಇತಿಹಾಸಕಾರರು ಒಂದೊಂದಾಗಿ ಉತ್ತರ ಕೊಟ್ಟರೂ ಆ ಅನುಮಾನ ದಶಕಗಟ್ಟಲೆ ಉಳಿಯಿತು.

ಹಾಗಾದರೆ ಏನು ಓದೋದು? ಫಿಲಿಪ್ ಶೆನನ್ 2013ರಲ್ಲಿ ಬರೆದ 'ಎ ಕ್ರೂಯಲ್ ಅಂಡ್ ಶಾಕಿಂಗ್ ಆಕ್ಟ್', ಮುಚ್ಚಿಟ್ಟದ್ದರ ಬಗ್ಗೆ ನನ್ನ ಮೊದಲ ಆಯ್ಕೆ. ವಾರೆನ್ ಆಯೋಗದ ಒಳಗೆ ಏನಾಯಿತು, ಏನನ್ನು ಕೈಬಿಟ್ಟರು ಅನ್ನೋದರ ಕಥೆ. ಮುಚ್ಚಿಟ್ಟದ್ದಕ್ಕೆ ಸಿಟ್ಟೂ ಇದೆ, ಅದರಾಚೆ ಜಿಗಿಯದ ಸಂಯಮವೂ ಇದೆ. ಓಸ್ವಾಲ್ಡ್ ಎಂಥ ಮನುಷ್ಯ ಅಂತ ತಿಳಿಯಬೇಕಾದವರಿಗೆ ನಾರ್ಮನ್ ಮೇಲರ್ ಅವರ 'ಓಸ್ವಾಲ್ಡ್ಸ್ ಟೇಲ್'. ಸೋವಿಯತ್ ದೇಶದ ಮಿನ್ಸ್ಕ್ ನಗರದಲ್ಲಿ ಅವನು ರೇಡಿಯೋ ಕಾರ್ಖಾನೆಯಲ್ಲಿ ದುಡಿದ ದಿನಗಳನ್ನು ಅಲ್ಲಿಯವರನ್ನೇ ಮಾತಾಡಿಸಿ ಬರೆದಿದ್ದಾರೆ.

ವಿನ್ಸೆಂಟ್ ಬುಗ್ಲಿಯೋಸಿ ಅವರ 'ರಿಕ್ಲೇಮಿಂಗ್ ಹಿಸ್ಟರಿ' 1,600 ಪುಟ ದಾಟುತ್ತದೆ. ಮೊದಲಿಂದ ಕೊನೆವರೆಗೆ ಓದೋಕೆ ಅಲ್ಲ, ಒಂದೊಂದು ಅನುಮಾನಕ್ಕೂ ಉತ್ತರ ಹುಡುಕೋಕೆ. ಬರೆದವರು ಸರ್ಕಾರಿ ವಕೀಲರಾಗಿದ್ದವರು, ಎದುರಾಳಿಗಳ ಮೇಲೆ ಹರಿಹಾಯುವ ಗುಣ ಇದೆ. ಅದನ್ನು ಸಹಿಸಿಕೊಳ್ಳಬೇಕು. ಹಳೇ ಪ್ರತಿ ಕೊಳ್ಳುವಾಗ ಸಿಡಿ ಇದೆಯಾ ನೋಡಿ. ಟಿಪ್ಪಣಿಗಳ ದೊಡ್ಡ ಭಾಗ ಅದರಲ್ಲೇ ಇರೋದು.

ವಿರುದ್ಧ ಕಡೆಯಿಂದ ಒಂದನ್ನೇ ಓದೋದಾದರೆ ಜೊಸಾಯ ಥಾಂಪ್ಸನ್ ಅವರ 'ಸಿಕ್ಸ್ ಸೆಕೆಂಡ್ಸ್ ಇನ್ ಡಲ್ಲಾಸ್', 1967. ತತ್ವಶಾಸ್ತ್ರದ ಮೇಷ್ಟ್ರು. ಜಪ್ರೂಡರ್ ಫಿಲ್ಮಿನ ಹಕ್ಕು ಲೈಫ್ ಪತ್ರಿಕೆಯ ಕೈಯಲ್ಲಿತ್ತು, ಹಾಗಾಗಿ ಆ ಚಿತ್ರಗಳನ್ನು ಕೈಯಿಂದ ಬರೆಸಿ ಹಾಕಿದರು. ಅದಕ್ಕೂ ಕೇಸು ಬಿತ್ತು, ಕೋರ್ಟು ಅವರ ಕಡೆಯೇ ನಿಂತಿತು. ಒಬ್ಬರಿಗಿಂತ ಹೆಚ್ಚು ಜನ ಹೊಡೆದರು ಅನ್ನೋ ಅವರ ತೀರ್ಮಾನ ನನಗೆ ಒಪ್ಪಿಗೆ ಆಗಿಲ್ಲ. ಆದರೆ ಓದುಗರಿಗೆ ಸಾಕ್ಷಿ ತೋರಿಸಿ, ಅಳತೆ ತೋರಿಸಿ, ಆಮೇಲೆ ಮಾತಾಡುತ್ತಾರೆ.

2025ರ ಮಾರ್ಚಿನಲ್ಲಿ ಮತ್ತೆ ಸಾವಿರಾರು ಪುಟ ಸರ್ಕಾರಿ ದಾಖಲೆ ಬಿಡುಗಡೆಯಾಯಿತು. ಹಳೇ ಪುಸ್ತಕಗಳು ಇನ್ನು ಕೆಲಸಕ್ಕೆ ಬಾರವಾ ಅಂತ ಕೆಲವರು ಕೇಳಿದರು. ಹೊಸ ದಾಖಲೆಗಳಿಂದ ತಿಳಿದುಬರುತ್ತಿರೋದು ಹೆಚ್ಚಾಗಿ ಸಿಐಎ ಹೇಗೆ ಕೆಲಸ ಮಾಡುತ್ತಿತ್ತು ಅನ್ನೋದು, ಅಂದರೆ ನನ್ನ ಎರಡನೇ ಪ್ರಶ್ನೆಗೆ ಉತ್ತರ. ಮೊದಲ ಪ್ರಶ್ನೆಗೆ ಬೇಕಾದ ರೈಫಲ್, ಗುಂಡು, ಫಿಲ್ಮ್, ಗಾಯಗಳ ವಿವರ 1964ರ ವರದಿಯ ಮೂರು ಮತ್ತು ನಾಲ್ಕನೇ ಅಧ್ಯಾಯಗಳಲ್ಲಿದೆ. ಅಮೆರಿಕದ ರಾಷ್ಟ್ರೀಯ ಪತ್ರಾಗಾರದ ವೆಬ್‌ಸೈಟಿನಲ್ಲಿ ಅದು ಪುಕ್ಕಟೆ ಸಿಗುತ್ತದೆ. ಆ ಎರಡು ಅಧ್ಯಾಯ ಓದಿ, ಪಕ್ಕದಲ್ಲಿ ಥಾಂಪ್ಸನ್ ಪುಸ್ತಕ ಇಟ್ಟುಕೊಂಡು ಒಂದೊಂದೇ ಗುಂಡಿಗೆ ಇಬ್ಬರೂ ಏನು ಹೇಳುತ್ತಾರೆ ಅಂತ ಬರೆದುಕೊಳ್ಳಿ. ಶೆನನ್ ಪುಸ್ತಕವನ್ನು ಅದಾದ ಮೇಲೆ ತೆಗೆಯಿರಿ.