ಟೊಬೇಗೊದ ಒಂಟಿ ಕಡಲಮನೆಯಲ್ಲಿ ವಾರವಿಡೀ ಏನು ಮಾಡುವುದು?

ಪ್ರಶ್ನೆ: ಅಮೆರಿಕದಲ್ಲಿರುವ ಮಗ ಮತ್ತು ಸೊಸೆ ಏಪ್ರಿಲ್‌ನಲ್ಲಿ ನಮ್ಮನ್ನೂ ಕರೆದುಕೊಂಡು ಕೆರಿಬಿಯನ್ ಸಮುದ್ರದ ಟೊಬೇಗೊ ದ್ವೀಪಕ್ಕೆ ಹೊರಟಿದ್ದಾರೆ. ಕಸ್ತಾರಾ ಎಂಬ ಮೀನುಗಾರರ ಹಳ್ಳಿಯ ಆಚೆ, ಅಕ್ಕಪಕ್ಕ ಬೇರೆ ಮನೆಗಳೇ ಇಲ್ಲದ ಕಡಲ ದಂಡೆಯ ಮನೆಯೊಂದನ್ನು ವಾರದ ಮಟ್ಟಿಗೆ ಬಾಡಿಗೆಗೆ ಹಿಡಿದಿದ್ದಾರಂತೆ. ಎರಡು ದಿನ ಸಮುದ್ರ ನೋಡಬಹುದು, ಆಮೇಲೇನು? ನಮಗೆ ಈಜು ಬರುವುದಿಲ್ಲ, ನಾವು ಸಸ್ಯಾಹಾರಿಗಳು ಬೇರೆ.

ಉತ್ತರ: ಏಕಾಂತ ಬೇಕೆಂದು ದುಬಾರಿ ಬಾಡಿಗೆ ತೆತ್ತವರು, ಹೋದ ಮರುದಿನವೇ ಬೇಸರವಾದೀತೆಂದು ಹೆದರಿ ದಿನಕ್ಕೊಂದು ಪ್ರವಾಸ ಗೊತ್ತುಮಾಡಿಕೊಳ್ಳುವುದು ಸಾಮಾನ್ಯ. ಟೊಬೇಗೊದಲ್ಲಿ ಹಾಗೆ ಮಾಡಿದರೆ ವಾರವೆಲ್ಲ ಕಾರಿನಲ್ಲೇ ಕಳೆದುಹೋಗುತ್ತದೆ. ದ್ವೀಪದ ಉದ್ದ ಸುಮಾರು 40 ಕಿಲೋಮೀಟರ್, ಅಗಲ 10. ನಕ್ಷೆಯಲ್ಲಿ ನೋಡಿದರೆ ಒಂದೇ ದಿನದಲ್ಲಿ ಸುತ್ತಿ ಮುಗಿಸಬಹುದು ಎನ್ನಿಸುತ್ತದೆ. ಆದರೆ ಉತ್ತರ ತೀರದ ರಸ್ತೆ ಗುಡ್ಡ ಹತ್ತಿ, ಕೊಲ್ಲಿಗೆ ಇಳಿದು, ಮತ್ತೆ ಗುಡ್ಡ ಹತ್ತುತ್ತಾ ಸಾಗುತ್ತದೆ. ವಿಮಾನ ನಿಲ್ದಾಣವಿರುವ ನೈಋತ್ಯ ತುದಿಯಿಂದ ಕಸ್ತಾರಾ ಮುಟ್ಟುವುದಕ್ಕೇ ಒಂದು ಗಂಟೆ ಹಿಡಿಯುತ್ತದೆ. ಆದ್ದರಿಂದ ನನ್ನ ಸಲಹೆ ಇಷ್ಟೇ: ಮನೆಗೆ ಹತ್ತಿರವಿರುವುದನ್ನು ನಿಧಾನವಾಗಿ ನೋಡಿ, ದೂರದ ಪ್ರಯಾಣವನ್ನು ಎರಡಕ್ಕೆ ಮಿತಿಗೊಳಿಸಿ.

ಮೊದಲ ಬೆಳಿಗ್ಗೆ ಕಸ್ತಾರಾದ ದಂಡೆಗೆ ಹೋಗಿ. ಅದೃಷ್ಟವಿದ್ದರೆ ಬಲೆ ಎಳೆಯುವುದು ಕಾಣಸಿಗುತ್ತದೆ. ದೋಣಿಯೊಂದು ಉದ್ದನೆಯ ಬಲೆಯನ್ನು ಅರ್ಧಚಂದ್ರಾಕಾರದಲ್ಲಿ ಬಿಡುತ್ತಾ ಹೋಗಿ, ಅದರ ಎರಡೂ ಹಗ್ಗಗಳನ್ನು ದಡಕ್ಕೆ ತಲುಪಿಸುತ್ತದೆ. ಆಮೇಲೆ ದಡದಲ್ಲಿ ನಿಂತವರು ಎರಡು ಸಾಲಾಗಿ, ಕಾಲನ್ನು ಮರಳಿಗೆ ಊರಿ ಎಳೆಯಬೇಕು. ನಮ್ಮ ಕಾರವಾರ, ಉಡುಪಿ ಕಡೆಯ ಕೈರಂಪಣಿಯನ್ನು ಕಂಡವರಿಗೆ ಏನನ್ನೂ ವಿವರಿಸಬೇಕಾಗಿಲ್ಲ, ಕೆಲಸ ಅದೇ. ಬಲೆ ಹತ್ತಿರ ಬಂದಂತೆ ನೀರು ಕುದಿಯತೊಡಗುತ್ತದೆ, ಪೆಲಿಕನ್‌ಗಳು ಮೇಲಿನಿಂದ ತಲೆಕೆಳಗಾಗಿ ಬೀಳುತ್ತವೆ. ನೋಡುತ್ತ ನಿಂತ ಹೊರಗಿನವರು ಹಗ್ಗಕ್ಕೆ ಕೈ ಹಾಕಿದರೆ ಯಾರೂ ಬೇಡವೆನ್ನುವುದಿಲ್ಲ. ಎಳೆದವರಿಗೆ ಮೀನಿನಲ್ಲಿ ಪಾಲು ಕೊಡುವ ರೂಢಿಯೂ ಇದೆ. ನಿಮ್ಮ ಪಾಲನ್ನು ಪಕ್ಕದವರಿಗೆ ಕೊಟ್ಟುಬಿಡಿ. ಅದೇ ದಂಡೆಯಲ್ಲಿ ಕಟ್ಟಿಗೆ ಉರಿಸುವ ಮಣ್ಣಿನ ಒಲೆಯಿದೆ. ಊರಿನ ಹೆಂಗಸರು ಬ್ರೆಡ್ ಸುಡುವ ದಿನ ಯಾವುದೆಂದು ಕೇಳಿಟ್ಟುಕೊಂಡು ಬಿಸಿಯಿರುವಾಗಲೇ ಹೋಗಿ ತನ್ನಿ.

ಇನ್ನು ಕಾಡು. ದ್ವೀಪದ ನಡುವಿನ ಮೇನ್ ರಿಜ್ ಬೆಟ್ಟಸಾಲನ್ನು ನಿಮ್ಮ ಬದಿಯ ಪಾರ್ಲಟುವಿಯರ್ ಹಳ್ಳಿಯಿಂದ ಆಚೆ ಬದಿಯ ರಾಕ್ಸ್‌ಬರೋಗೆ ಹೋಗುವ ರಸ್ತೆ ದಾಟುತ್ತದೆ. ಇಲ್ಲಿನ ಕಾಡು 1776ರಲ್ಲೇ ಕಾನೂನಿನ ರಕ್ಷಣೆ ಪಡೆಯಿತು. ಕಬ್ಬಿನ ತೋಟಗಳಿಗಾಗಿ ಕೆಳಗಿನ ಮರಗಳನ್ನೆಲ್ಲ ಕಡಿಯುತ್ತಿದ್ದ ಕಾಲವದು. ಮರ ಹೋದರೆ ಮಳೆಯೂ ಹೋದೀತೆಂಬ ವಾದವನ್ನು ಬ್ರಿಟಿಷ್ ಸಂಸತ್ ಸದಸ್ಯ ಸೋಮ್ ಜೆನಿನ್ಸ್ ವರ್ಷಗಳ ಕಾಲ ಮುಂದಿಟ್ಟ ಮೇಲೆ, ಮಳೆ ತರಿಸಲೆಂದೇ ಈ ಕಾಡನ್ನು ಮುಟ್ಟಬಾರದೆಂದು ಕಾಯಿದೆಯಾಯಿತು. ಗುಲಾಮರನ್ನು ದುಡಿಸಿ ಸಕ್ಕರೆ ಮಾಡುತ್ತಿದ್ದವರ ಲಾಭದ ಲೆಕ್ಕಾಚಾರವೂ ಅದರಲ್ಲಿತ್ತೆನ್ನಿ. ಅಂತೂ ಕಾಡು ಉಳಿಯಿತು. 1963ರ ಸೆಪ್ಟೆಂಬರ್ 30ರಂದು ಫ್ಲೋರಾ ಚಂಡಮಾರುತ ಅದರ ಬಹುಪಾಲು ಮರಗಳನ್ನು ಕೆಡವಿತು. ಬಿಳಿಬಾಲದ ಸೇಬರ್‌ವಿಂಗ್ ಎಂಬ ಹಮ್ಮಿಂಗ್‌ಬರ್ಡ್ ದ್ವೀಪದಿಂದ ಅಳಿದೇ ಹೋಯಿತೆಂದು ಬಗೆದಿದ್ದರು. 1974ರಲ್ಲಿ ಮತ್ತೆ ಕಾಣಿಸಿತು.

ಗಿಲ್ಪಿನ್ ಟ್ರೇಸ್ ಎಂಬ ಕಾಲುದಾರಿ ಈ ರಸ್ತೆಯ ಪಕ್ಕದಲ್ಲೇ ಶುರುವಾಗುತ್ತದೆ. ಕೆಸರು ಖಚಿತ. ದಾರಿಯ ಬಾಯಲ್ಲೇ ರಬ್ಬರ್ ಬೂಟುಗಳನ್ನು ಬಾಡಿಗೆಗೆ ಕೊಡುವವರಿರುತ್ತಾರೆ, ಚಪ್ಪಲಿಯಲ್ಲಿ ಇಳಿಯುವ ಸಾಹಸ ಬೇಡ. ಸ್ಥಳೀಯ ಮಾರ್ಗದರ್ಶಕರಿಲ್ಲದೆ ಹೋದರೆ ಹಸಿರು ಬಿಟ್ಟು ಬೇರೇನೂ ಕಾಣುವುದಿಲ್ಲ. ಅವರು ಜೊತೆಗಿದ್ದರೆ ನಿಮ್ಮ ಮೂಗಿನ ಮುಂದಿನ ಕೊಂಬೆಯ ಮೇಲೇ ಕುಳಿತ ಮಾಟ್‌ಮಾಟ್ ಹಕ್ಕಿಯನ್ನು ತೋರಿಸುತ್ತಾರೆ. ಅದರ ನೀಳವಾದ ಬಾಲದ ತುದಿಯಲ್ಲಿ ಎರಡು ಪುಟ್ಟ ಬಿಲ್ಲೆಗಳಿರುತ್ತವೆ. ನಮ್ಮಲ್ಲಿ ಸೂರಕ್ಕಿಯನ್ನೇ ಹಮ್ಮಿಂಗ್‌ಬರ್ಡ್ ಎಂದುಕೊಂಡವರು ಬಹಳ. ಹಮ್ಮಿಂಗ್‌ಬರ್ಡ್ ಇರುವುದು ಅಮೆರಿಕ ಖಂಡಗಳಲ್ಲಿ ಮತ್ತು ಅವುಗಳ ಸುತ್ತಲಿನ ದ್ವೀಪಗಳಲ್ಲಿ ಮಾತ್ರ. ಅಸಲಿಯನ್ನು ಇಲ್ಲಿ ಸಮಾಧಾನವಾಗಿ ನೋಡಬಹುದು.

ಏಪ್ರಿಲ್ ಎಂದಿರಿ, ಒಳ್ಳೆಯದಾಯಿತು. ಜನವರಿಯಿಂದ ಮೇ ತನಕ ಮಳೆ ಕಡಿಮೆ. ಜೊತೆಗೆ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಲೆದರ್‌ಬ್ಯಾಕ್ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಪ್ಲಿಮತ್ ಊರಿನ ಬಳಿಯ ಗ್ರೇಟ್ ಕೋರ್ಲಂಡ್ ಕೊಲ್ಲಿ ಅವುಗಳ ಮುಖ್ಯ ತಾಣಗಳಲ್ಲೊಂದು. ಮುನ್ನೂರು ಕಿಲೋ ಮೀರಿದ ಪ್ರಾಣಿ ಕತ್ತಲಲ್ಲಿ ಮರಳಿನ ಮೇಲೆ ಏದುಸಿರು ಬಿಡುತ್ತಾ ತೆವಳಿ ಬಂದು, ಹಿಂಗಾಲುಗಳಿಂದ ಒಂದೊಂದೇ ಹಿಡಿ ಮರಳೆತ್ತಿ ಗುಂಡಿ ತೋಡುತ್ತದೆ. ಕಣ್ಣಿಲ್ಲದ ಆ ಹಿಂಗಾಲುಗಳ ನಾಜೂಕು ನೋಡಬೇಕಾದದ್ದೇ. ಮೊಟ್ಟೆಯಿಡಲು ಶುರುಮಾಡುವ ತನಕ ಹತ್ತಿರ ಹೋಗಬಾರದು, ಮೊಬೈಲ್ ಬೆಳಕು ಸಲ್ಲದು. ಕೆಂಪು ದೀಪ ಹಿಡಿದ ಸ್ಥಳೀಯ ಕಾವಲುಗಾರರ ಜೊತೆಗೇ ಹೋಗಿ. ಸಣ್ಣ ಕೊಲ್ಲಿಗಳಿಗೂ ಆಮೆಗಳು ಬರುವುದುಂಟು, ಆದ್ದರಿಂದ ನಿಮ್ಮ ಮನೆಯ ಸಮುದ್ರದ ಕಡೆಯ ಜಗಲಿ ದೀಪಗಳನ್ನು ರಾತ್ರಿ ಆರಿಸಿಬಿಡಿ. ಮರಿಗಳು ಬೆಳಕನ್ನೇ ಕಡಲೆಂದು ನಂಬಿ ಊರ ಕಡೆ ಹೊರಟುಬಿಡುತ್ತವೆ.

ದೂರದ ಎರಡು ಪ್ರಯಾಣಗಳಲ್ಲಿ ಒಂದನ್ನು ಸ್ಪೇಸೈಡ್ ಹಳ್ಳಿಗೆ ಇಡಿ. ಅಲ್ಲಿಂದ ತಳದಲ್ಲಿ ಗಾಜಿರುವ ದೋಣಿಗಳು ಲಿಟ್ಲ್ ಟೊಬೇಗೊ ಎಂಬ ನಡುಗಡ್ಡೆಗೆ ಹೋಗುತ್ತವೆ, ಈಜು ಬಾರದವರೂ ಕುಳಿತಲ್ಲೇ ಹವಳ ನೋಡಬಹುದು. ಈ ನಡುಗಡ್ಡೆಗೆ ಒಬ್ಬ ಇಂಗ್ಲಿಷ್ ಸಿರಿವಂತ 1909ರ ಸುಮಾರಿಗೆ ನ್ಯೂಗಿನಿ ಕಡೆಯಿಂದ ಸ್ವರ್ಗದ ಹಕ್ಕಿಗಳನ್ನು ತರಿಸಿ ಬಿಟ್ಟಿದ್ದ. ಅವು ಈಗಿಲ್ಲ. ಕೆಂಪು ಕೊಕ್ಕಿನ ಟ್ರಾಪಿಕ್‌ಬರ್ಡ್‌ಗಳಿವೆ, ಅವು ಇಲ್ಲಿಯವೇ. ಸ್ಪೇಸೈಡ್ ಅಟ್ಲಾಂಟಿಕ್ ಬದಿಯಲ್ಲಿರುವುದರಿಂದ ಕೆಲವು ವರ್ಷ ಸರ್ಗಾಸಮ್ ಪಾಚಿ ರಾಶಿಯಾಗಿ ಬಂದು ಕೊಳೆತು ನಾರುತ್ತದೆ. ಹೊರಡುವ ಮುನ್ನ ವಿಚಾರಿಸಿ.

ಎರಡನೆಯದು ಬಕೂ ಹಳ್ಳಿ. ಅಲ್ಲಿನ ನೈಲಾನ್ ಪೂಲ್‌ನಲ್ಲಿ ದಡದಿಂದ ದೂರ, ಸಮುದ್ರದ ನಡುವೆಯೇ ಸೊಂಟದ ಮಟ್ಟದ ನೀರಿನಲ್ಲಿ ನಿಲ್ಲಬಹುದು. ಜನಜಂಗುಳಿ ಇರುತ್ತದೆ, ನನಗದು ಅಷ್ಟಕ್ಕಷ್ಟೇ. ಈಸ್ಟರ್ ಕಳೆದ ಮಂಗಳವಾರ ನೀವು ಅಲ್ಲಿದ್ದರೆ ಮಾತ್ರ ಬಕೂವನ್ನು ತಪ್ಪಿಸಬೇಡಿ. ಅಂದು ಆಡುಗಳ ಓಟವಿದೆ. ಜಾಕಿಗಳು ಸವಾರಿ ಮಾಡುವುದಿಲ್ಲ, ಹಗ್ಗ ಹಿಡಿದು ಬರಿಗಾಲಲ್ಲಿ ಆಡಿನ ಹಿಂದೆಯೇ ಓಡುತ್ತಾರೆ.

ಊಟದ ಚಿಂತೆ ಬೇಡ. ಭಾರತೀಯ ಮೂಲದವರು ಹೆಚ್ಚಾಗಿರುವುದು ಪಕ್ಕದ ಟ್ರಿನಿಡಾಡ್‌ನಲ್ಲಾದರೂ, 1845ರಿಂದ ಅಲ್ಲಿಗೆ ಬಂದ ಕೂಲಿಗಳ ಅಡುಗೆ ಟೊಬೇಗೊಗೂ ದಾಟಿದೆ. ಬಾರಾ ಎಂಬ ಎರಡು ಮೆತ್ತನೆಯ ಕರಿದ ರೊಟ್ಟಿಗಳ ನಡುವೆ ಕಡಲೆಕಾಳಿನ ಪಲ್ಯವಿಟ್ಟು ಕೊಡುವ ಡಬಲ್ಸ್, ಬೇಳೆ ತುಂಬಿದ ದಾಲ್‌ಪುರಿ, ಕುಂಬಳಕಾಯಿ ಪಲ್ಯ ಸಿಗುತ್ತವೆ. ಕೆಸುವಿನ ಎಲೆ, ಬೆಂಡೆ ಮತ್ತು ತೆಂಗಿನ ಹಾಲಿನ ಕಲಾಲೂ ರುಚಿಯಾಗಿರುತ್ತದೆ, ಆದರೆ ಏಡಿ ಅಥವಾ ಉಪ್ಪುಮಾಂಸ ಹಾಕಿದ್ದಾರೆಯೇ ಎಂದು ಕೇಳಿಯೇ ತೆಗೆದುಕೊಳ್ಳಿ. ನಮ್ಮ ಕರಾವಳಿಯ ಜೀಗುಜ್ಜೆ ಅಲ್ಲಿಯೂ ಉಂಟು. ಅಕ್ಕಿ, ಬೇಳೆ, ತರಕಾರಿಯನ್ನು ಬರುವ ದಾರಿಯಲ್ಲೇ ಸ್ಕಾರ್ಬರೋ ಪೇಟೆಯಲ್ಲಿ ಕೊಂಡುಬಿಡಿ, ಹಳ್ಳಿಯ ಅಂಗಡಿಗಳು ಸಣ್ಣವು.

ಕಾರು ಬೇಕೇ ಬೇಕು. ವಾಹನ ಓಡುವುದು ನಮ್ಮಂತೆ ರಸ್ತೆಯ ಎಡಬದಿಯಲ್ಲಿ, ಅಮೆರಿಕದ ರೂಢಿಯಿರುವ ಮಗನಿಗೆ ಇದನ್ನು ನೆನಪಿಸಿ. ಸಂಜೆಯ ಮರಳುನೊಣಗಳಿಗೆ ಮುಲಾಮು ಇರಲಿ. ದಂಡೆಯಲ್ಲಿ ಪುಟ್ಟ ಹಸಿರು ಸೇಬಿನಂಥ ಕಾಯಿ ಬಿಡುವ ಮಂಚಿನೀಲ್ ಮರವಿದ್ದರೆ ಮಳೆ ಬಂದಾಗ ಅದರಡಿ ನಿಲ್ಲಬೇಡಿ. ಅದರ ಹಾಲು ತಾಗಿದ ನೀರು ಚರ್ಮವನ್ನು ಸುಡುತ್ತದೆ, ಕಾಯಿ ವಿಷ. ಸೇನೆಯ ಸಮವಸ್ತ್ರದಂಥ ಬಣ್ಣದ ಚಡ್ಡಿ, ಟೋಪಿ, ಚೀಲಗಳನ್ನು ಮನೆಯಲ್ಲೇ ಬಿಟ್ಟುಬನ್ನಿ. ಆ ದೇಶದಲ್ಲಿ ಸಾಮಾನ್ಯ ಜನ ಅವನ್ನು ತೊಡುವುದು ಅಪರಾಧ.