ಕಿಡಿ ಹಾರಿದ ಮೇಲಿನ ಕಟಕಟ

ಹಳೆಯ ಅಂಬಾಸಿಡರ್ ಕಾರು ಚಾರ್ಮಾಡಿ ಘಾಟಿಯನ್ನು ಮೂರನೆಯ ಗೇರಿನಲ್ಲಿ ಏರುವಾಗ ಬಾನೆಟ್ಟಿನಡಿಯಿಂದ ಕಟಕಟ ಸದ್ದು, ಅಂದರೆ ನಾಕಿಂಗ್, ಬಂದರೆ, ಹೆಚ್ಚಿನವರು ಪೆಟ್ರೋಲ್ ಬಂಕಿನವರನ್ನು ಬಯ್ಯುತ್ತಾರೆ. ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರ್ ಪೈಪುಗಳನ್ನು ಕೆಡಿಸಬಹುದಾದರೂ ಈ ವಿಷಯದಲ್ಲಿ ಅದು ನಿರಪರಾಧಿ, ಏಕೆಂದರೆ ಎಥನಾಲಿನ ಆಕ್ಟೇನ್ ಮಟ್ಟ (ತಾನಾಗಿಯೇ ಹೊತ್ತಿಕೊಳ್ಳದೆ ತಾಳುವ ಗುಣ) ಪೆಟ್ರೋಲಿನದಕ್ಕಿಂತ ಹೆಚ್ಚು. ಕಿಡಿ ಬೇಗ ಹಾರಿ, ಮೇಲೇರುತ್ತಿರುವ ಪಿಸ್ಟನ್ನಿಗೆ ಬಡಿಯುವ ಸದ್ದೇ ನಾಕಿಂಗ್ ಎಂಬ ವಿವರಣೆಯೂ ಚಾಲ್ತಿಯಲ್ಲಿದೆ. ಇದು ಇನ್ನೂ ದಾರಿತಪ್ಪಿಸುವ ಮಾತು, ಏಕೆಂದರೆ ಆರೋಗ್ಯವಾಗಿರುವ ಎಂಜಿನ್ನಿನಲ್ಲೂ ಕಿಡಿ ಸಾಮಾನ್ಯವಾಗಿ ಪಿಸ್ಟನ್ ತುದಿ ತಲುಪುವ ಮುನ್ನವೇ ಹಾರುತ್ತದೆ.

ಹಾಗೆ ಹಾರಲು ಕಾರಣವಿದೆ. ಜ್ವಾಲೆ ಸ್ಪಾರ್ಕ್ ಪ್ಲಗ್ಗಿನಿಂದ ಹೊರಟು ಸಿಲಿಂಡರಿನ ಇನ್ನೊಂದು ಬದಿ ಮುಟ್ಟಲು ಸುಮಾರು 2 ಮಿಲಿಸೆಕೆಂಡು ಬೇಕೆಂದುಕೊಂಡರೆ, ಅಷ್ಟರಲ್ಲಿ ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಂಡ) ನಿಮಿಷಕ್ಕೆ 800 ಸುತ್ತಿನ ವೇಗದಲ್ಲಿ 10 ಡಿಗ್ರಿ, 3000 ಸುತ್ತಿನಲ್ಲಿ 36 ಡಿಗ್ರಿ ತಿರುಗಿರುತ್ತದೆ. ವೇಗ ಏರಿದಂತೆ ಕಿಡಿಯನ್ನು ಮುಂಚಿತಗೊಳಿಸುವ ಪುಟ್ಟ ತೂಕಗಳು ಮತ್ತು ಸ್ಪ್ರಿಂಗುಗಳು, ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನೊಳಗೆ ಇರುವುದು ಇದಕ್ಕಾಗಿಯೇ.

ಜ್ವಾಲೆ ಹರಡುತ್ತಿರುವಾಗ, ಅದಿನ್ನೂ ತಲುಪದ ದೂರದ ಮೂಲೆಯ ಪೆಟ್ರೋಲ್-ಗಾಳಿ ಮಿಶ್ರಣದ ಮೇಲೆ ಒತ್ತಡ ಏರುತ್ತಲೇ ಇರುತ್ತದೆ. ಸೈಕಲ್ ಪಂಪಿನ ಬುಡ ಬಿಸಿಯಾಗುವಂತೆ ಆ ಮಿಶ್ರಣವೂ ಒತ್ತಿದಷ್ಟೂ ಬಿಸಿಯಾಗುತ್ತದೆ. ಜ್ವಾಲೆ ಬರುವ ತನಕ ತಾಳಿಕೊಂಡರೆ ಅದು ಸದ್ದಿಲ್ಲದೆ ಉರಿಯುತ್ತದೆ. ತಾಳದಿದ್ದರೆ ಉಳಿದ ಮಿಶ್ರಣ ತಾನಾಗಿಯೇ ಒಮ್ಮೆಲೇ ಹೊತ್ತಿಕೊಂಡು, ಹುಟ್ಟಿದ ಒತ್ತಡದ ಅಲೆಗಳು ಸಿಲಿಂಡರಿನ ಗೋಡೆಗಳ ನಡುವೆ ಅತ್ತಿತ್ತ ಬಡಿಯುತ್ತವೆ. ಕಿಡಿ ಅತಿ ಬೇಗ ಹಾರಿದಾಗ ಒತ್ತಡದ ಶಿಖರವೂ ಪಿಸ್ಟನ್ ತುದಿಯಲ್ಲಿರುವ ಕ್ಷಣದ ಸಮೀಪಕ್ಕೆ ಸರಿದು ಇನ್ನಷ್ಟು ಎತ್ತರವಾಗುವುದರಿಂದ, ಮೂಲೆಯ ಮಿಶ್ರಣದ ತಾಳ್ಮೆ ಬೇಗ ಮುಗಿಯುತ್ತದೆ. ಟೈಮಿಂಗ್ ಹಿಂದಕ್ಕೆ ಸರಿಸಿದರೆ, ಅಂದರೆ ಕಿಡಿ ತುಸು ತಡವಾಗಿ ಹಾರುವಂತೆ ಮಾಡಿದರೆ, ನಾಕಿಂಗ್ ನಿಲ್ಲುವ ಗುಟ್ಟು ಇಷ್ಟೇ.

ಈ ಗೊಂದಲ ಹೊಸದಲ್ಲ. ಅಮೆರಿಕದ ಎಂಜಿನಿಯರ್ ಚಾರ್ಲ್ಸ್ ಕೆಟರಿಂಗ್ ರೂಪಿಸಿದ, ಬ್ಯಾಟರಿಯಿಂದ ಕಿಡಿ ಹಾರಿಸುವ ಬ್ಯಾಟರಿ ಇಗ್ನಿಷನ್ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಮೇಲೆ ನಾಕಿಂಗಿನ ಅಪವಾದ ಅದರ ತಲೆಗೇ ಬಂತು. ಕೆಟರಿಂಗ್ ಅವರ ಸಹಾಯಕ ಥಾಮಸ್ ಮಿಡ್ಜ್ಲಿ ಸಿಲಿಂಡರಿನ ಒತ್ತಡವನ್ನು ದಾಖಲಿಸಿ ನೋಡಿದಾಗ, ಆ ಹಠಾತ್ ಏರಿಕೆ ಕಿಡಿ ಹಾರಿದ ನಂತರದ್ದು ಎಂಬುದು ಗೊತ್ತಾಯಿತು. ಇಂಧನದಲ್ಲೇ ಪರಿಹಾರ ಹುಡುಕಲು ಹೊರಟ ಮಿಡ್ಜ್ಲಿ 1921ರಲ್ಲಿ ಸೀಸದ ಸಂಯುಕ್ತವೊಂದನ್ನು ಕಂಡುಕೊಂಡರು. ಆ ವಿಷ ಭಾರತದ ಬಂಕುಗಳಿಂದ ತೊಲಗಿದ್ದು 2000ದಲ್ಲಿ.

ಟೈಮಿಂಗ್ ಮುಟ್ಟುವ ಮೊದಲು ಪಾಯಿಂಟ್ ಗ್ಯಾಪ್ (ಡಿಸ್ಟ್ರಿಬ್ಯೂಟರಿನೊಳಗೆ ತೆರೆದು ಮುಚ್ಚುವ ಸಂಪರ್ಕ ಬಿಂದುಗಳ ನಡುವಿನ ಅಂತರ) ಸರಿಪಡಿಸಬೇಕು, ಏಕೆಂದರೆ ಗ್ಯಾಪ್ ಹೆಚ್ಚಾದರೆ ಪಾಯಿಂಟ್ ಬೇಗ ತೆರೆದು ಕಿಡಿಯೂ ಮುಂಚಿತವಾಗುತ್ತದೆ. ಆಮೇಲೆ ಡಿಸ್ಟ್ರಿಬ್ಯೂಟರಿಗೆ ಬರುವ ವ್ಯಾಕ್ಯೂಮ್ ಪೈಪನ್ನು ಕಳಚಿ ಅದರ ಬಾಯಿ ಮುಚ್ಚಿ, ಟೈಮಿಂಗ್ ಲೈಟಿನ ಬೆಳಕಿನಲ್ಲಿ ಕ್ರ್ಯಾಂಕಿನ ಪುಲ್ಲಿಯ ಗುರುತನ್ನು ನೋಡುತ್ತಾ ಡಿಸ್ಟ್ರಿಬ್ಯೂಟರನ್ನು ಅದರೊಳಗಿನ ರೋಟರ್ ತಿರುಗುವ ದಿಕ್ಕಿಗೇ ಕೂದಲೆಳೆಯಷ್ಟು ತಿರುಗಿಸಬೇಕು. ರೋಟರ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಡಿಸ್ಟ್ರಿಬ್ಯೂಟರಿನ ಒಂದು ಡಿಗ್ರಿ ಕ್ರ್ಯಾಂಕಿನಲ್ಲಿ ಎರಡಾಗುತ್ತದೆ. ಸದ್ದು ನಿಂತರೆ ಸಾಕೆಂದು ಅಗತ್ಯಕ್ಕಿಂತ ಹಿಂದಕ್ಕೆ ತಳ್ಳಿದರೆ ಶಕ್ತಿ ಕುಗ್ಗಿ, ಉರಿ ತಡವಾಗಿ ಎಕ್ಸಾಸ್ಟ್ ವಾಲ್ವುಗಳು ಸುಡುತ್ತವೆ. ಇನ್ನು ಐಡ್ಲಿಂಗಿನಲ್ಲಿ (ಕಾರು ನಿಂತಲ್ಲೇ ಎಂಜಿನ್ ನಿಧಾನವಾಗಿ ತಿರುಗುವಾಗ) ಗುರುತು ಸರಿಯಾಗಿದ್ದೂ ಘಾಟಿಯಲ್ಲಿ ಕಟಕಟ ಎನ್ನುವ ಕಾರಿನಲ್ಲಿ ಡಿಸ್ಟ್ರಿಬ್ಯೂಟರ್ ತಿರುಗಿಸುತ್ತಾ ಕೂರುವ ಬದಲು ಒಳಗಿನ ಸ್ಪ್ರಿಂಗುಗಳನ್ನು ನೋಡುವುದು ಒಳಿತು. ಅವು ಸಡಿಲಗೊಂಡಿದ್ದರೆ ತೂಕಗಳು ಬೇಗನೆ ಹೊರಕ್ಕೆ ಸರಿದು, ಎಂಜಿನ್ ಇನ್ನೂ ನಿಧಾನವಾಗಿ ತಿರುಗುತ್ತಿರುವಾಗಲೇ ಕಿಡಿಯನ್ನು ಬಹಳ ಮುಂದಕ್ಕೆ ಒಯ್ದಿರುತ್ತವೆ.