ಹಳೇ ಲ್ಯಾಪ್‌ಟಾಪ್ ಯಾತಕ್ಕೆ ಕಾಯುತ್ತದೆ?

ವಿಂಡೋಸ್ ಇರುವ ಹಳೇ ಲ್ಯಾಪ್‌ಟಾಪನ್ನು ಆನ್ ಮಾಡಿ. ಪರದೆ ಬಂದ ಕೂಡಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಸಿಪಿಯು (ಅಂದರೆ ಪ್ರೊಸೆಸರ್) ಎಷ್ಟು ದುಡಿಯುತ್ತಿದೆ, ಮೆಮೊರಿ ಎಷ್ಟು ತುಂಬಿದೆ, ಡಿಸ್ಕ್ ಎಷ್ಟು ಬಿಜಿಯಾಗಿದೆ ಅಂತ ಅಲ್ಲಿ ಸಾಲಾಗಿ ಶೇಕಡಾ ಲೆಕ್ಕದಲ್ಲಿ ಕಾಣುತ್ತದೆ. ಒಳಗಿರುವುದು ಹಾರ್ಡ್ ಡಿಸ್ಕ್ ಆಗಿದ್ದರೆ ಹೆಚ್ಚಿನಂಶ ಡಿಸ್ಕ್ ಎಂಬಲ್ಲಿ 100 ಇರುತ್ತದೆ. ಸಿಪಿಯು ಎಂಬಲ್ಲಿ ಹತ್ತೋ ಹದಿನೈದೋ. ಎಷ್ಟೋ ಹೊತ್ತು ಅದು ಹಾಗೇ ನಿಂತಿರುತ್ತದೆ.

ಈ ಎರಡು ಅಂಕಿಗಳನ್ನು ಕಣ್ಣಾರೆ ನೋಡಿದ ಮೇಲೆ "ಹಳೇದಾಯ್ತು, ಇನ್ನು ಬಿಸಾಕೋದೇ" ಅನ್ನುವ ಮಾತು ಅಷ್ಟು ಸುಲಭಕ್ಕೆ ಬಾಯಿಗೆ ಬರುವುದಿಲ್ಲ. ಲೆಕ್ಕ ಮಾಡುವ ಪ್ರೊಸೆಸರ್ ಸುಮ್ನೆ ಕೂತಿದೆ. ಅದಕ್ಕೆ ಬೇಕಾದ ಮಾಹಿತಿ ಬಂದು ಸೇರುತ್ತಿಲ್ಲ, ಅಷ್ಟೇ. 2015ರಲ್ಲಿ ಕೊಂಡ ಪ್ರೊಸೆಸರ್ ಅಂದು ಎಷ್ಟು ಬೇಗ ಕೂಡಿ ಕಳೆಯುತ್ತಿತ್ತೋ ಇಂದಿಗೂ ಅಷ್ಟೇ ಬೇಗ ಮಾಡಬಲ್ಲದು. ಪತ್ರ ಬರೆಯಲು, ಆನ್‌ಲೈನ್ ಪಾಠ ಕೇಳಲು, ಬ್ಯಾಂಕ್ ಕೆಲಸಕ್ಕೆ ಅದು ಧಾರಾಳ ಸಾಕು. ನಮ್ಮ ಬೆಂಗಳೂರಿನಲ್ಲಿ ಇಂಥ ಯಂತ್ರಗಳು ಮನೆಮನೆಯ ಅಟ್ಟದ ಮೇಲೆ ಬಿದ್ದಿವೆ. ಅದೇ ಬೀದಿಯಲ್ಲಿ ಲ್ಯಾಪ್‌ಟಾಪ್ ಇಲ್ಲದೆ ಮೊಬೈಲ್ ಪರದೆಯಲ್ಲೇ ಕಾಲೇಜಿನ ಅಸೈನ್‌ಮೆಂಟ್ ಬರೆಯುವ ಮಕ್ಕಳೂ ಇದ್ದಾರೆ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ಹಾಗಾದರೆ ತಡ ಆಗುತ್ತಿರುವುದು ಎಲ್ಲಿ? ಹಾರ್ಡ್ ಡಿಸ್ಕ್ ಒಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳಿರುತ್ತವೆ. ಅವುಗಳ ಮೇಲೆ ಕಾಂತೀಯ ಲೇಪ. ಲ್ಯಾಪ್‌ಟಾಪಿನ ಡಿಸ್ಕಿನಲ್ಲಿ ಆ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 90 ಸುತ್ತು. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಬೇಕಾದ ಮಾಹಿತಿ ತಟ್ಟೆಯ ಯಾವ ಮೂಲೆಯಲ್ಲಿ ಬೇಕಾದರೂ ಇರಬಹುದು. ಮೊದಲು ಓದುವ ಕೈ ಸರಿಯಾದ ಪಟ್ಟಿಗೆ ಸರಿಯಬೇಕು, ಅದಕ್ಕೆ ಹತ್ತು ಮಿಲಿಸೆಕೆಂಡಿನ ಆಸುಪಾಸು. ಆಮೇಲೆ ಆ ಜಾಗ ಕೈಯ ಕೆಳಗೆ ತಿರುಗಿ ಬರಬೇಕು, ಅದಕ್ಕೆ ಸರಾಸರಿ ಅರ್ಧ ಸುತ್ತು. ಎರಡೂ ಸೇರಿ 15 ಮಿಲಿಸೆಕೆಂಡ್ ಆಯಿತು. ಕೇಳಲು ಏನೂ ಅಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ 2 ಗಿಗಾಹರ್ಟ್ಜ್ ಪ್ರೊಸೆಸರಿನ ಗಡಿಯಾರ ಅಷ್ಟರಲ್ಲಿ 3 ಕೋಟಿ ಸಲ ಮಿಡಿದಿರುತ್ತದೆ. ಅರ್ಜಿಗೆ ಸಹಿ ಹಾಕುವ ಅಧಿಕಾರಿ ಎಷ್ಟೇ ಚುರುಕಾಗಿರಲಿ, ಪ್ರತಿ ಫೈಲಿಗೂ ಅಟೆಂಡರ್ ರೆಕಾರ್ಡ್ ರೂಮಿಗೆ ಹೋಗಿ ಬರಬೇಕು ಅಂದರೆ ಹೊರಗಿನ ಕ್ಯೂ ಕರಗುವುದಿಲ್ಲ. ಹಾರ್ಡ್ ಡಿಸ್ಕ್ ಈ ರೀತಿ ಸೆಕೆಂಡಿಗೆ ಅರವತ್ತು ಎಪ್ಪತ್ತು ಸಲ ಮಾತ್ರ ಹೋಗಿ ಬರಬಲ್ಲದು. ಆನ್ ಆಗುವಾಗ ವಿಂಡೋಸ್ ಕೇಳುವುದು ಅಲ್ಲೊಂದು ಇಲ್ಲೊಂದು ಚದುರಿ ಬಿದ್ದಿರುವ ಸಾವಿರಾರು ಪುಟ್ಟ ಫೈಲುಗಳನ್ನು.

ಹಾರ್ಡ್ ಡಿಸ್ಕ್ ತೆಗೆದು ಅದರ ಜಾಗಕ್ಕೆ ಹಾಕಬಹುದಾದದ್ದು ಎಸ್‌ಎಸ್‌ಡಿ. ಅದರ ಒಳಗೆ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ಕೈಯೂ ಇಲ್ಲ. ಇರುವುದು ಫ್ಲ್ಯಾಶ್ ಚಿಪ್‌ಗಳು. 1980ರ ದಶಕದಲ್ಲಿ ಜಪಾನಿನ ತೋಷಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುಓಕಾ ಇದನ್ನು ಕಂಡುಹಿಡಿದರು. ವಿದ್ಯುತ್ ಹರಿಯಲು ಬಿಡದ ತೆಳುವಾದ ಪದರದ ಆಚೆಗೆ ಎಲೆಕ್ಟ್ರಾನ್‌ಗಳನ್ನು ನೂಕಿ ಕೂಡಿಹಾಕುವುದು ಇದರ ಉಪಾಯ. ಕರೆಂಟ್ ಹೋದರೂ ಅವು ಅಲ್ಲೇ ಇರುತ್ತವೆ. ಎಷ್ಟು ಎಲೆಕ್ಟ್ರಾನ್ ಸಿಕ್ಕಿಬಿದ್ದಿವೆ ಎಂಬುದೇ ಅಲ್ಲಿ ಬರೆದಿಟ್ಟ ಅಂಕಿ. ಯಾವ ಜಾಗದ ಮಾಹಿತಿ ಕೇಳಿದರೂ 0.1 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಸಿಗುತ್ತದೆ. 15 ಎಲ್ಲಿ, 0.1 ಎಲ್ಲಿ!

ಇಲ್ಲಿ ಒಂದು ವಿಷಯ ಗಮನಿಸಿ. ಎಸ್‌ಎಸ್‌ಡಿ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರುವುದು ಸೆಕೆಂಡಿಗೆ 500 ಎಂಬಿ, 550 ಎಂಬಿ ಅಂತ. ಅದು ಒಂದೇ ದೊಡ್ಡ ಫೈಲನ್ನು ಎಡೆಬಿಡದೆ ಓದುವ ವೇಗ. ಆ ಲೆಕ್ಕದಲ್ಲಿ ಎಸ್‌ಎಸ್‌ಡಿ ಹಾರ್ಡ್ ಡಿಸ್ಕಿಗಿಂತ ನಾಲ್ಕೈದು ಪಟ್ಟು ವೇಗ, ಅಷ್ಟೇ. ದಿನನಿತ್ಯ ನಮ್ಮ ಅನುಭವಕ್ಕೆ ಬರುವುದು ಚದುರಿದ ಪುಟ್ಟ ಫೈಲುಗಳ ವೇಗ, ಅಲ್ಲಿ ವ್ಯತ್ಯಾಸ ನೂರು ಪಟ್ಟು ದಾಟುತ್ತದೆ. ಹಾಗಾಗಿ ಹಳೇ ಲ್ಯಾಪ್‌ಟಾಪಿಗೆ ಡಬ್ಬಿಯ ಮೇಲೆ ಇನ್ನೂ ದೊಡ್ಡ ಅಂಕಿ ಇರುವ ದುಬಾರಿ ಎಸ್‌ಎಸ್‌ಡಿ ಹುಡುಕಬೇಕಿಲ್ಲ. ಹೇಗೂ ಡಿಸ್ಕನ್ನು ಬೋರ್ಡಿಗೆ ಸೇರಿಸುವ ಹಳೇ ಸಾಟಾ ಕನೆಕ್ಷನ್ ಅದಕ್ಕಿಂತ ಹೆಚ್ಚು ವೇಗವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬಿಲ್ಲು, ವಾರಂಟಿ ಸರಿಯಾಗಿರುವ ಸಾಧಾರಣ ಎಸ್‌ಎಸ್‌ಡಿ ಸಾಕು. ಒಂದು ಎಚ್ಚರಿಕೆ ಮಾತ್ರ ಬೇಕು. ಹಾರ್ಡ್ ಡಿಸ್ಕ್ ಕೆಡುವ ಮುಂಚೆ ಎಷ್ಟೋ ಸಲ ಟಕ್ ಟಕ್ ಅಂತ ಸದ್ದು ಮಾಡಿ ಸುಳಿವು ಕೊಡುತ್ತದೆ. ಎಸ್‌ಎಸ್‌ಡಿ ಹಾಗಲ್ಲ, ಯಾವ ಸೂಚನೆಯೂ ಇಲ್ಲದೆ ಒಮ್ಮೆಲೇ ನಿಲ್ಲಬಹುದು. ಬ್ಯಾಕಪ್ ಇರಲೇಬೇಕು.

ಇನ್ನು ರಾಮ್, ಅಂದರೆ ಕೆಲಸ ನಡೆಯುವಾಗ ಯಂತ್ರ ಮಾಹಿತಿಯನ್ನು ಕೈಗೆಟುಕುವಂತೆ ಇಟ್ಟುಕೊಳ್ಳುವ ಮೆಮೊರಿ. ಟೌನ್ ಹಾಲ್ ಹತ್ತಿರದ ಎಸ್.ಪಿ. ರಸ್ತೆಗೆ ಹೋಗಿ ನೋಡಿ. ಮೊಣಕೈ ತಾಗುವಷ್ಟು ಚಿಕ್ಕ ಅಂಗಡಿ, ಗಾಜಿನ ಕೌಂಟರ್. "ಅಣ್ಣಾ, 8 ಜಿಬಿ ರಾಮ್ ಇದೆಯಾ?" ಅಂತ ಕೇಳಿದರೆ ಅನುಭವ ಇರುವ ಅಂಗಡಿಯವರು ಮೊದಲು ಕೇಳುವುದೇ, "ಹಳೇದು ತಂದಿದ್ದೀರಾ ಮೇಡಂ? ಮಾಡೆಲ್ ನಂಬರ್ ಸಾಕಾಗಲ್ಲ, ಅದೇ ಮಾಡೆಲ್‌ನಲ್ಲಿ ಎರಡು ತರ ಬಂದಿರುತ್ತೆ." ಈ ಮಾತಿನಲ್ಲಿ ಹುರುಳಿದೆ. ರಾಮ್‌ನಲ್ಲಿ ಬೇರೆ ಬೇರೆ ತರ ಇವೆ. ಡಿಡಿಆರ್3 ರಾಮ್ ನಡೆಯುವುದು 1.5 ವೋಲ್ಟಿನಲ್ಲಿ, ಡಿಡಿಆರ್3ಎಲ್ 1.35ರಲ್ಲಿ, ಡಿಡಿಆರ್4 1.2ರಲ್ಲಿ. ಡಿಡಿಆರ್4ರ ಕಚ್ಚು ಬೇರೆ ಜಾಗದಲ್ಲಿರುವುದರಿಂದ ತಪ್ಪು ಸ್ಲಾಟಿಗೆ ಕೂರುವುದೇ ಇಲ್ಲ. ಆದರೆ ಡಿಡಿಆರ್3 ಮತ್ತು ಡಿಡಿಆರ್3ಎಲ್ ನೋಡಲು ಒಂದೇ ತರ, ಕೂರುವುದೂ ಒಂದೇ ಸ್ಲಾಟಿನಲ್ಲಿ. ಕಡಿಮೆ ವೋಲ್ಟೇಜಿನದ್ದೇ ಬೇಕು ಎನ್ನುವ ಲ್ಯಾಪ್‌ಟಾಪಿಗೆ ಇನ್ನೊಂದನ್ನು ಹಾಕಿದರೆ ಅದು ಆನ್ ಆಗದೇ ಇರಬಹುದು. ರಾಮ್‌ಗೆ ಅಂಟಿಸಿರುವ ಚೀಟಿಯ ಮೇಲೆ ಪಿಸಿ3 ಎಂಬುದರ ಪಕ್ಕ ಎಲ್ ಅಕ್ಷರ ಇದೆಯಾ ನೋಡಿಕೊಳ್ಳಿ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರಾಮ್ ಬೋರ್ಡಿಗೇ ಬೆಸುಗೆ ಹಾಕಿರುತ್ತದೆ, ಅಲ್ಲಿ ಏನೂ ಮಾಡಲಾಗುವುದಿಲ್ಲ.

4 ಜಿಬಿ ಇದ್ದರೆ 8 ಮಾಡಿ. ಬ್ರೌಸರಿನಲ್ಲಿ ಹತ್ತು ಟ್ಯಾಬ್ ತೆರೆದರೆ 4 ಜಿಬಿ ತುಂಬಿಹೋಗುತ್ತದೆ. ಆಮೇಲೆ ಯಂತ್ರ ಉಳಿದದ್ದನ್ನು ಡಿಸ್ಕಿಗೆ ಸಾಗಿಸಿ ಬೇಕಾದಾಗ ಮತ್ತೆ ತರುತ್ತದೆ. ಡಿಸ್ಕೇ ನಿಧಾನವಾಗಿದ್ದರೆ ಈ ಓಡಾಟದ ಗತಿ ಏನಾಗುತ್ತದೆ ಅಂತ ಊಹಿಸಿ. ಮನೆ ಬಳಕೆಗೆ 16 ಜಿಬಿ ಬೇಕೇ ಬೇಕು ಅಂತೇನಿಲ್ಲ. ಎಸ್‌ಎಸ್‌ಡಿ, ರಾಮ್ ಎರಡರಲ್ಲಿ ಒಂದಕ್ಕೆ ಮಾತ್ರ ದುಡ್ಡಿದ್ದರೆ ನನ್ನ ಮತ ಎಸ್‌ಎಸ್‌ಡಿಗೆ.

ಇವನ್ನು ಹಾಕಲು ಲ್ಯಾಪ್‌ಟಾಪಿನ ಹಿಂಬದಿ ಬಿಚ್ಚಿದ್ದೀರಿ ತಾನೇ, ಫ್ಯಾನಿನ ಕಡೆಗೂ ಒಮ್ಮೆ ನೋಡಿ. ಮೊದಲು ಬ್ಯಾಟರಿಯ ಕನೆಕ್ಟರ್ ಕಳಚಿರಲಿ. ಫ್ಯಾನ್ ಬಾಯಿಯ ಎದುರು ತಾಮ್ರದ ಕೊಳವೆಯ ತುದಿಗೆ ಒತ್ತೊತ್ತಾಗಿ ಜೋಡಿಸಿದ ಲೋಹದ ತೆಳು ರೆಕ್ಕೆಗಳಿರುತ್ತವೆ. ಹಳೇ ಯಂತ್ರದಲ್ಲಿ ಆ ರೆಕ್ಕೆಗಳು ಕಾಣುವುದೇ ಇಲ್ಲ. ಅಡ್ಡಲಾಗಿ ಬೂದು ಬಣ್ಣದ ಧೂಳಿನ ದಪ್ಪ ಪಟ್ಟಿ ಕಟ್ಟಿರುತ್ತದೆ. ಒಳಗೆ ತಲೆಕೂದಲು, ಬೆಡ್‌ಶೀಟಿನ ನೂಲು, ಮೆಟ್ರೋ ಕಾಮಗಾರಿಯ ಸಣ್ಣ ಮರಳು. ಚಿಮಟದಲ್ಲಿ ಹಿಡಿದೆಳೆದರೆ ಇಡೀ ಪಟ್ಟಿ ಒಂದೇ ತುಂಡಾಗಿ ಬರುತ್ತದೆ. ಫ್ಯಾನ್ ಎಷ್ಟು ಜೋರಾಗಿ ತಿರುಗಿದರೂ ಬಿಸಿ ಗಾಳಿ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಬಿಸಿ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋದರೆ ಪ್ರೊಸೆಸರ್ ತನ್ನ ಜೀವ ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ನಮಗೆ ಅದು ನಿಧಾನವಾಗಿ ಕಾಣುತ್ತದೆ. ಊದಿ ತೆಗೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡಿರಿ. ಬ್ಲೋವರ್ ಗಾಳಿಗೆ ಅದು ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಪ್ರೊಸೆಸರಿಗೂ ತಾಮ್ರಕ್ಕೂ ನಡುವೆ ಹಚ್ಚಿದ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿದ್ದರೆ ಒರೆಸಿ ಹೊಸದು ಹಚ್ಚಿಸಿ.

ಬೋರ್ಡಿನ ಮೇಲೆ ನಾಣ್ಯದ ಆಕಾರದ 3 ವೋಲ್ಟಿನ ಪುಟ್ಟ ಸೆಲ್ ಇರುತ್ತದೆ. ಲ್ಯಾಪ್‌ಟಾಪ್ ಆಫ್ ಆಗಿದ್ದಾಗಲೂ ಗಡಿಯಾರ ನಡೆಸುವುದು ಅದೇ. ಅದು ಸತ್ತರೆ ತಾರೀಖು ಹತ್ತು ವರ್ಷ ಹಿಂದಕ್ಕೆ ಹೋಗಬಹುದು. ಆಗ ಬ್ಯಾಂಕ್ ವೆಬ್‌ಸೈಟ್ ತೆರೆಯುವುದಿಲ್ಲ, ಪರದೆ ತುಂಬ ಭದ್ರತೆಯ ಎಚ್ಚರಿಕೆ. ಕಾರಣ ಸರಳ. ಪ್ರತಿ ಸುರಕ್ಷಿತ ವೆಬ್‌ಸೈಟಿನ ಪ್ರಮಾಣಪತ್ರಕ್ಕೂ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇದೆ, ನಿಮ್ಮ ಯಂತ್ರದ ಪ್ರಕಾರ ಆ ಅವಧಿ ಇನ್ನೂ ಶುರುವೇ ಆಗಿಲ್ಲ. ಒಂದು ಪುಟ್ಟ ಸೆಲ್ ಬದಲಿಸಿದರೆ ಸರಿಹೋಗುವ ಇದಕ್ಕೆ "ವೈರಸ್ ಬಂದಿದೆ" ಅಂತ ಹೇಳಿ ದುಡ್ಡು ತೆಗೆದುಕೊಳ್ಳುವವರೂ ಇದ್ದಾರೆ.

ಇನ್ನು ಆಪರೇಟಿಂಗ್ ಸಿಸ್ಟಮ್. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಲ್ಲಿಸಿತು. ಮನೆ ಬಳಕೆದಾರರು ನೋಂದಾಯಿಸಿಕೊಂಡರೆ ಭದ್ರತೆಯ ಅಪ್‌ಡೇಟ್ ಇನ್ನೊಂದು ವರ್ಷ ಸಿಗುವ ವ್ಯವಸ್ಥೆಯನ್ನೂ ಮಾಡಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ಪೀಳಿಗೆಯ ಪ್ರೊಸೆಸರ್ ಬೇಕು. ಅಂದರೆ 2017ಕ್ಕೂ ಹಿಂದಿನ ಲ್ಯಾಪ್‌ಟಾಪ್‌ಗಳು ಹೆಚ್ಚುಕಡಿಮೆ ಎಲ್ಲವೂ ಹೊರಗೆ. ಚೆನ್ನಾಗಿ ಕೆಲಸ ಮಾಡುವ ಯಂತ್ರ ಒಂದು ಪಟ್ಟಿಯ ಕಾರಣಕ್ಕೆ ಕಸವಾಗುವುದನ್ನು ನಾನು ಒಪ್ಪುವುದಿಲ್ಲ. ಲ್ಯಾಪ್‌ಟಾಪ್ ತನ್ನ ಜೀವಮಾನದಲ್ಲಿ ಗಾಳಿಗೆ ಸೇರಿಸುವ ಇಂಗಾಲದ ಬಹುಪಾಲು ಅದು ನಮ್ಮ ಮನೆಗೆ ಬರುವ ಮೊದಲೇ, ತಯಾರಾಗುವಾಗಲೇ ಸೇರಿಹೋಗಿರುತ್ತದೆ.

ಇಂಥ ಯಂತ್ರಗಳಿಗೆ ವಿಂಡೋಸ್ ಬದಲು ಹಾಕಬಹುದಾದ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಇದೆ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಶುರುಮಾಡಿದ ಇದರ ತಿರುಳೇ ಇವತ್ತು ಪ್ರತಿ ಆಂಡ್ರಾಯ್ಡ್ ಮೊಬೈಲಿನೊಳಗೂ ಇದೆ. ಹಳೇ ಲ್ಯಾಪ್‌ಟಾಪಿಗೆ ಲಿನಕ್ಸಿನದೇ ಒಂದು ರೂಪವಾದ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಒಳ್ಳೆಯದು. ದುಡ್ಡು ಕೊಡಬೇಕಿಲ್ಲ, 4 ಜಿಬಿ ರಾಮ್‌ನಲ್ಲೂ ಹಾಯಾಗಿ ನಡೆಯುತ್ತದೆ. ಪೆನ್ ಡ್ರೈವಿಗೆ ಹಾಕಿಕೊಂಡು, ಡಿಸ್ಕನ್ನು ಮುಟ್ಟದೆ, ಪೆನ್ ಡ್ರೈವಿನಿಂದಲೇ ಓಡಿಸಿ ನೋಡಬಹುದು. ವೈಫೈ ಸಿಗುತ್ತಿದೆಯಾ, ಸೌಂಡ್ ಬರುತ್ತಿದೆಯಾ, ಮನೆಯ ಪ್ರಿಂಟರ್ ಒಪ್ಪುತ್ತದೆಯಾ ಎಂದು ಪರೀಕ್ಷಿಸಿ ಆಮೇಲೆ ಇನ್‌ಸ್ಟಾಲ್ ಮಾಡಿ. ಅಂಗಡಿ ಲೆಕ್ಕಕ್ಕೆ ಟ್ಯಾಲಿ ಬಳಸುವವರಿಗೆ ಮಾತ್ರ ನಾನು ಇದನ್ನು ಹೇಳುವುದಿಲ್ಲ. ಅದು ವಿಂಡೋಸಿಗೆಂದೇ ಬರೆದ ತಂತ್ರಾಂಶ.

ಕನ್ನಡದವರಿಗೆ ಇಲ್ಲೊಂದು ವಿಶೇಷ ಎಚ್ಚರಿಕೆ ಬೇಕು. 'ನುಡಿ', 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೇ ಆವೃತ್ತಿಗಳಲ್ಲಿ ಬರೆದ ಕಡತಗಳು ಎಷ್ಟೋ ಮನೆಗಳಲ್ಲಿವೆ. ಅಪ್ಪ ಬರೆದ ಲೇಖನಗಳು, ಸಂಘದ ವರದಿಗಳು, ಮದುವೆ ಕರೆಯೋಲೆಗಳು. ನುಡಿಯ ಹಳೇ ಫೈಲಿನೊಳಗೆ ನಿಜವಾಗಿ ಕನ್ನಡದ 'ಕ' ಇರುವುದೇ ಇಲ್ಲ. ಇಂಗ್ಲಿಷಿನ 'ಪಿ', ಅದರ ಪಕ್ಕ ತಲೆಯ ಮೇಲೆ ಗೀಟಿರುವ 'ಎ' ಇರುತ್ತವೆ. ನುಡಿ ಫಾಂಟ್ ಅವೆರಡಕ್ಕೂ 'ಕ'ದ ರೂಪ ತೊಡಿಸಿ ತೋರಿಸುತ್ತದೆ. ಹೊಸ ಸಿಸ್ಟಮ್‌ನಲ್ಲಿ ಆ ಫಾಂಟ್ ಇಲ್ಲದಿದ್ದರೆ ಪುಟ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಫೈಲ್ ಕೆಟ್ಟಿತು ಅಂತ ಅಳಿಸಿಬಿಡಬೇಡಿ, ಅದು ಕೆಟ್ಟಿಲ್ಲ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯುನಿಕೋಡ್ ಪದ್ಧತಿಯಲ್ಲಿ 'ಕ'ಕ್ಕೆ 3221 ಎಂಬ ತನ್ನದೇ ಸಂಖ್ಯೆ ಇದೆ, ಅದಕ್ಕೆ ಬದಲಿಸಿದರೆ ಯಾವ ಯಂತ್ರದಲ್ಲೂ ಕನ್ನಡವಾಗಿಯೇ ಕಾಣುತ್ತದೆ. ಬದಲಿಸಿಕೊಡುವ ಉಚಿತ ಪರಿವರ್ತಕಗಳಿವೆ. ವಿಂಡೋಸ್ ತೆಗೆಯುವ ಮೊದಲೇ ಈ ಕೆಲಸ ಮುಗಿಸಿ. ಬದಲಾದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಒಂದು ಸಲ ಓದಿ ತಾಳೆ ನೋಡಿ, ತಪ್ಪು ನುಸುಳುವುದು ಅಲ್ಲೇ ಜಾಸ್ತಿ.

ಹೊಸದಾಗಿ ಟೈಪ್ ಮಾಡಲು ಲಿನಕ್ಸ್‌ನಲ್ಲಿ ಚಿಂತೆಯಿಲ್ಲ. ಕೆ.ಪಿ. ರಾವ್ ಅವರು ರೂಪಿಸಿ, ಮುಂದೆ ಕರ್ನಾಟಕ ಸರ್ಕಾರವೂ ಒಪ್ಪಿಕೊಂಡ ಕಗಪ ಕೀಲಿಮಣೆ ಅಲ್ಲಿ ಮೊದಲೇ ಬಂದಿರುತ್ತದೆ. ಕೀಬೋರ್ಡ್ ಸೆಟ್ಟಿಂಗ್‌ಗೆ ಹೋಗಿ ಕನ್ನಡದ ಪಟ್ಟಿಯಲ್ಲಿ ಆರಿಸಿಕೊಂಡರೆ ಆಯಿತು. ನುಡಿಯಲ್ಲಿ ಕೈ ಪಳಗಿದವರ ಬೆರಳು ಹಾಗೇ ಓಡುತ್ತದೆ.

ತೆಗೆದ ಹಾರ್ಡ್ ಡಿಸ್ಕನ್ನು ಬಿಸಾಕಬೇಡಿ. ಎಸ್.ಪಿ. ರಸ್ತೆಯಲ್ಲೇ ಅದನ್ನು ಕೂರಿಸುವ ಯುಎಸ್‌ಬಿ ಕೇಸ್ ಸಿಗುತ್ತದೆ. ಬ್ಯಾಕಪ್ ಇಡಲು ಅದರ ನಿಧಾನ ಏನೂ ಅಡ್ಡಿಯಲ್ಲ. ಯಾರಿಗಾದರೂ ಕೊಡುವುದೇ ಆದರೆ ಡಿಲೀಟ್ ಮಾಡಿದರೆ ಸಾಲದು. ಡಿಲೀಟ್ ಅಂದರೆ ಫೈಲಿನ ವಿಳಾಸ ಅಳಿಸುವುದು ಮಾತ್ರ, ಒಳಗಿನ ಆಧಾರ್ ಪ್ರತಿ, ಫೋಟೋಗಳು ತಟ್ಟೆಯ ಮೇಲೆ ಹಾಗೇ ಇರುತ್ತವೆ. ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆಯುವ ಸಾಧನ ಲಿನಕ್ಸ್‌ನಲ್ಲೇ ಇದೆ, ಅದನ್ನು ಬಳಸಿ. ಟಚ್‌ಪ್ಯಾಡ್ ಮೇಲೆದ್ದಂತೆ ಕಂಡರೆ, ಕ್ಲಿಕ್ ಆಗದಿದ್ದರೆ, ಕೆಳಗಿನ ಲಿಥಿಯಂ ಬ್ಯಾಟರಿ ಊದಿದೆಯೇ ಎಂದು ಮೊದಲು ನೋಡಿಸಿ. ಊದಿದ್ದನ್ನು ಚುಚ್ಚಬೇಡಿ, ಚಾರ್ಜ್ ಮಾಡಬೇಡಿ, ಬೆಳಗಿನ ಕಸದ ಆಟೋಗಂತೂ ಹಾಕಲೇಬೇಡಿ. ಕಸ ಒತ್ತುವ ಲಾರಿಯಲ್ಲಿ ಅದು ಜಜ್ಜಿದರೆ ಬೆಂಕಿ ಹತ್ತಿಕೊಳ್ಳುತ್ತದೆ. ಇ-ತ್ಯಾಜ್ಯ ಮರುಬಳಕೆಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದವರು ನಗರದಲ್ಲಿದ್ದಾರೆ, ಬ್ಯಾಟರಿ ಹೋಗಬೇಕಾದದ್ದು ಅವರ ಕೈಗೆ.